ಪ್ರೊಫೆಸರರ ಸಭೆಯಲ್ಲಿ ನಾನು ಹೂಂ ಅಂದದ್ದು

ನಮ್ಮ ಅಪೂರ್ವಾ ಡಾಕ್ಟರ್ ಆದಳು!

ಈ ಮಾತನ್ನು ಮೊದಲು ಬರೆದುಬಿಡುತ್ತೇನೆ. ವಿಮಾನ, ಚಳಿ, ಸೈಕಲ್ಲುಗಳು, ಅಲ್ಲಿಯ ಜನ, ಅದೆಲ್ಲ ಆಮೇಲೆ. ಯಾರಾದರೂ ಅರ್ಧಕ್ಕೇ ಓದು ಬಿಟ್ಟರೂ ಇಷ್ಟು ಅವರಿಗೆ ಗೊತ್ತಿರಲಿ. ಪುಣೆಯ ಖಡಕಿಯ ಕ್ವಾರ್ಟರ್ಸಿನಲ್ಲಿ ನನ್ನ ತೊಡೆಯ ಮೇಲೆ ಬೆಳೆದ ಹುಡುಗಿ ನೆದರ್ಲ್ಯಾಂಡ್ ದೇಶದಲ್ಲಿ ಪ್ರೊಫೆಸರರ ಎದುರು ನಿಂತು ಪಿಎಚ್.ಡಿ. ಪಡೆದಳು. ಆಗ ನಾನು ಅವಳ ಪಕ್ಕದಲ್ಲೇ ಇದ್ದೆ. ಹಿಂದಿನ ಸಾಲಿನಲ್ಲಲ್ಲ, ಕೈ ಚಾಚಿದರೆ ಮುಟ್ಟುವಷ್ಟು ಪಕ್ಕದಲ್ಲಿ.

ನಾನು ಧಾರವಾಡದ ಕಡೆಯ ಹಳ್ಳಿಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ಮದುವೆಯಾಗಿ ಪುಣೆಗೆ ಬಂದೆ. ನಮ್ಮ ಮನೆಯವರು ಖಡಕಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು, ಈಗಿಲ್ಲ. ಬರೆಯುವುದು ನನಗೆ ರೂಢಿಯಿಲ್ಲ. ಆದರೆ ಊರಿಗೆ ಮರಳಿದ ಮೇಲೆ ಇದೇ ಕಥೆಯನ್ನು ಬಂದವರಿಗೆಲ್ಲ ಹೇಳಿ ಹೇಳಿ ಗಂಟಲು ಬಿದ್ದುಹೋಯಿತು. "ಅತ್ಯಾ, ಒಮ್ಮೆ ಬರದ ಬಿಡ್ರಿ, ಓದ್ಕೋತಾರ," ಎಂದು ಸೊಸೆ ವಿಜಯಾ ಅಂದಳು. ಅದಕ್ಕೇ ಬರೆಯುತ್ತಿದ್ದೇನೆ.

ಖಡಕಿ, ಹೊರಡುವ ಮೊದಲು

ಮಳೆಗಾಲ ಮುಗಿಯುತ್ತ ಬಂದಿತ್ತು. ಅಪೂರ್ವಾ ಫೋನ್ ಮಾಡಿ, "ಅಜ್ಜೀ, ನನ್ನ ಪರೀಕ್ಷಾದ ದಿನ ನೀ ನನ್ನ ಬಾಜೂ ಕೂಡಬೇಕು," ಅಂದಳು.

"ಬಾಜೂ ಕೂತು ಏನ್ ಮಾಡ್ಲಿ? ಉತ್ತರ ಪಿಸುಗುಟ್ಲ್ಯಾ?" ಅಂದೆ.

"ಏನೂ ಮಾಡೂದು ಬ್ಯಾಡ. ಸುಮ್ನ ಕೂಡೂದು ಅಷ್ಟ."

ಆಮೇಲೆ ಬಿಡಿಸಿ ಹೇಳಿದಳು. ಆ ದೇಶದಲ್ಲಿ ಪಿಎಚ್.ಡಿ.ಯ ಕೊನೆಯ ಪರೀಕ್ಷೆ ಬಾಗಿಲು ಹಾಕಿಕೊಂಡು ನಡೆಯುವುದಿಲ್ಲ. ದೊಡ್ಡ ಸಭೆ ಸೇರುತ್ತದೆ, ನೆಂಟರಿಷ್ಟರು ಬರುತ್ತಾರೆ, ಕರಿ ನಿಲುವಂಗಿ ತೊಟ್ಟ ಪ್ರೊಫೆಸರರು ಸಾಲಾಗಿ ಕೂತು ಪ್ರಶ್ನೆ ಕೇಳುತ್ತಾರೆ. ಪರೀಕ್ಷೆ ಕೊಡುವವರ ಜೊತೆಗೆ ಅವರು ಆರಿಸಿಕೊಂಡ ಇಬ್ಬರು ಇರಬೇಕೆಂಬುದು ಹಳೆಯ ಪದ್ಧತಿ. ನಮ್ಮ ಮದುವೆಯಲ್ಲಿ ಮದುಮಗಳ ಹಿಂದೆ ಕಳಸಗಿತ್ತಿ ನಿಲ್ಲುತ್ತಾಳಲ್ಲ, ಪುಣೆಯವರು ಕರವಲಿ ಅನ್ನುತ್ತಾರಲ್ಲ, ಹಾಗೆ. ಗೆಳತಿಯಾಗಬಹುದು, ತಮ್ಮನಾಗಬಹುದು, ಅಜ್ಜಿಯೂ ಆಗಬಹುದು. ಮಾತಾಡುವಂತಿಲ್ಲ, ಅಷ್ಟೇ.

ನನ್ನನ್ನೇ ಏಕೆ ಕೇಳಿದಳೆಂಬುದು ನನಗೆ ಗೊತ್ತಿತ್ತು. ಅಪೂರ್ವಾ ಬುದ್ಧಿವಂತೆ, ಆದರೆ ಜನರ ಎದುರು ನಿಂತರೆ ನಾಲಿಗೆ ಕಟ್ಟುತ್ತದೆ. ತೊದಲುವುದಲ್ಲ, ಪೂರ್ತಿ ನಿಂತೇಬಿಡುತ್ತದೆ. ಶಾಲೆಯ ಬಾಯಿಪರೀಕ್ಷೆಗಳಲ್ಲಿ ಫ್ರಾಕಿನ ಅಂಚನ್ನು ಹೆಬ್ಬೆರಳಿನಿಂದ ತಿಕ್ಕುತ್ತ ಮೂಕಿಯಂತೆ ನಿಲ್ಲುತ್ತಿದ್ದಳು. ಹಿಂದಿನ ವರ್ಷ ಬೇರೊಂದು ದೇಶದಲ್ಲಿ ವಿಜ್ಞಾನಿಗಳ ಸಭೆಯಲ್ಲೂ ಹಾಗೇ ಆಯಿತು. ಅವಳ ಗುರುಗಳು ಎದ್ದು ಉಳಿದದ್ದನ್ನು ತಾವೇ ಹೇಳಿ ಮುಗಿಸಿದರು. ಆಮೇಲೆ ಫೋನಿನಲ್ಲಿ ನನ್ನ ಹತ್ತಿರ ಅತ್ತಳು. ಈ ಸಲ ಗುರುಗಳು ಎದ್ದು ಹೇಳುವಂತಿಲ್ಲ. ಅವಳೇ ಹೇಳಬೇಕು.

"ನಿಮ್ಮವ್ವನ್ನ ಕೂಡಿಸ್ಕೋ," ಅಂದೆ.

"ಅಮ್ಮನ್ನ ಕೂಡಿಸಿದ್ರ ನನಗಿಂತ ಮೊದಲ ಅಕೀನ ಅಳ್ತಾಳ."

ವಿಜಯಾ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಳು. "ಖರೇನ ಅದ ರೀ ಅತ್ಯಾ," ಅಂದಳು. ಆಗಲೇ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ವಿಮಾನ ಇಳಿದಲ್ಲಿ

ಮಗ ಶ್ರೀಕಾಂತನಿಗೆ ಪುಣೆಯ ಹತ್ತಿರದ ರಾಂಜಣಗಾಂವದ ಕಂಪನಿಯಲ್ಲಿ ಹೆಚ್ಚು ರಜೆ ಸಿಗಲಿಲ್ಲ. ಅವನು ಪರೀಕ್ಷೆಯ ಹಿಂದಿನ ದಿನ ಬರುವುದೆಂದಾಯಿತು. ವಿಜಯಾ ಮತ್ತು ನಾನು ಮೊದಲೇ ಹೊರಟೆವು.

ಪರೀಕ್ಷೆಯ ದಿನ ಸಂಕಷ್ಟಿ ಬಂದಿತ್ತು. ನಾನು ಸಂಕಷ್ಟಿ ಬಿಟ್ಟವಳಲ್ಲ, ಅದರಲ್ಲೂ ಈ ಸಲ ರಾಂಜಣಗಾಂವದ ಗಣಪತಿಗೆ ಹೇಳಿಕೊಂಡೂ ಆಗಿತ್ತು. ಆದ್ದರಿಂದ ಚೀಲದಲ್ಲಿ ಸಾಬೂದಾಣಿ, ಹುರಿದ ಶೇಂಗಾದ ಪುಡಿ ಕಟ್ಟಿಕೊಂಡಿದ್ದೆ. ಅಲ್ಲಿ ಇಳಿದ ಕೂಡಲೇ ಒಬ್ಬ ಎತ್ತರದ ಅಧಿಕಾರಿ ಚೀಲ ಬಿಚ್ಚಿಸಿದ. ಸಾಬೂದಾಣಿಯ ಬಿಳಿ ಕಾಳುಗಳನ್ನು ಬೆರಳಲ್ಲಿ ಉರುಳಿಸಿದ. ಮೂಸಿದ. ಇನ್ನೊಬ್ಬನನ್ನು ಕರೆದು ತೋರಿಸಿದ.

ಇದು ಉಪವಾಸದ ದಿನ ತಿನ್ನುವ ಪದಾರ್ಥ ಎಂದು ವಿಜಯಾ ಇಂಗ್ಲಿಷಿನಲ್ಲಿ ತಿಳಿಸಿದಳು. ಅವನು ಗಂಭೀರವಾಗಿ ಏನೋ ಕೇಳಿದ.

"ಏನಂತಾನ?" ಅಂದೆ.

"ಉಪವಾಸ ಅಂದ್ರ ಏನೂ ತಿನ್ನೂದಿಲ್ಲ ಅಲ್ಲೇನು, ಮತ್ತ ಇದನ್ನ ಯಾಕ ತಿಂತೀರಿ ಅಂತಾನ ರೀ."

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಜೀವಮಾನವಿಡೀ ಸಂಕಷ್ಟಿ, ಏಕಾದಶಿ ಮಾಡಿದ್ದೇನೆ. ಪುಣೆಯಲ್ಲಿ ಉಪವಾಸವೆಂದರೆ ತುಪ್ಪದಲ್ಲಿ ಮಾಡಿದ ಸಾಬೂದಾಣಿ ಖಿಚಡಿ, ಮೇಲೆ ಬಟಾಟೆ, ಮೇಲೊಂದು ಬಾಳೆಹಣ್ಣು. ಉಳಿದ ದಿನಕ್ಕಿಂತ ಹೊಟ್ಟೆ ಭಾರ. ಇದನ್ನು ಆ ಬೆಳ್ಳಗಿನ ಹುಡುಗನಿಗೆ ಹೇಗೆ ತಿಳಿಸುವುದು? ಸುಮ್ಮನೆ ನಕ್ಕೆ. ಅವನೂ ನಕ್ಕು ಚೀಲದ ಬಾಯಿ ತಾನೇ ಕಟ್ಟಿಕೊಟ್ಟ.

ಏಣಿಯಂಥ ಮೆಟ್ಟಿಲು

ಅಪೂರ್ವಾ ಇರುವ ಊರಿನ ಹೆಸರನ್ನು ಗಂಟಲಿನ ಆಳದಿಂದ ಎತ್ತಿ ಹೇಳಬೇಕು. ನನಗೆ ಬರಲಿಲ್ಲ, ಬಿಟ್ಟೆ. ಊರು ಚಂದ. ಬೀದಿಗೊಂದು ಕಾಲುವೆ, ಕಾಲುವೆಯಲ್ಲಿ ಬಾತುಕೋಳಿ. ಅವಳ ಮನೆ ಹಳೆಯ ಕಟ್ಟಡದ ಮೇಲಂತಸ್ತಿನಲ್ಲಿತ್ತು. ಅಲ್ಲಿಗೆ ಹೋಗುವ ಮೆಟ್ಟಿಲು ಕಂಡು ನಾನು ಬಾಗಿಲಲ್ಲೇ ನಿಂತೆ. ನನ್ನ ತವರುಮನೆಯ ಅಟ್ಟದ ಏಣಿಯೂ ಇಷ್ಟು ಕಡಿದಾಗಿರಲಿಲ್ಲ.

"ಅಜ್ಜೀ, ಹತ್ತೂದು ಸರಳ ಅದ. ಇಳಿಯೂ ಮುಂದ ಬೆನ್ನು ಈ ಕಡೆ ಮಾಡಿ ಇಳಿ."

ಹಾಗೇ ಇಳಿಯುತ್ತಿದ್ದೆ, ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿಕೊಂಡು, ಹಿಂದುಮುಂದಾಗಿ. ಕೆಳಗಿನ ಮನೆಯ ಮುದುಕ ದಿನವೂ ತನ್ನ ಬಾಗಿಲು ತೆರೆದು ಕೈ ಮೇಲೆತ್ತಿ ನಿಲ್ಲುತ್ತಿದ್ದ, ನಾನು ಬಿದ್ದರೆ ಹಿಡಿಯಲು. ನಾನು ಬೀಳಲಿಲ್ಲ. ಅವನಿಗೆ ಸ್ವಲ್ಪ ನಿರಾಸೆಯಾಗುತ್ತಿತ್ತೇನೋ.

ಅಲ್ಲಿಯ ಜನ ಕಿಟಕಿಗೆ ಪರದೆ ಎಳೆಯುವುದಿಲ್ಲ. ಸಂಜೆ ನಡೆದು ಹೋದರೆ ಎಲ್ಲರ ಮನೆಯ ಊಟ, ಜಗಳ, ಟಿವಿ, ಎಲ್ಲ ಕಾಣುತ್ತದೆ, ಆದರೆ ಯಾರೂ ತಿರುಗಿ ನೋಡುವುದಿಲ್ಲ. ನಾನು ನೋಡುತ್ತಿದ್ದೆ. ವಿಜಯಾ ಸೆರಗು ಎಳೆದು ಮುಂದೆ ಸಾಗಿಸುತ್ತಿದ್ದಳು. ಮಧ್ಯಾಹ್ನಕ್ಕೆ ತಣ್ಣನೆಯ ಬ್ರೆಡ್ಡು, ಅದರ ಮೇಲೆ ಬೆಣ್ಣೆ, ಬೆಣ್ಣೆಯ ಮೇಲೆ ಚಾಕಲೇಟಿನ ಕಾಳು ಉದುರಿಸುತ್ತಾರೆ. ದೊಡ್ಡವರೂ ತಿನ್ನುತ್ತಾರೆ. ಬಿಸಿ ಅನ್ನ ಇಲ್ಲದೆ ಇಷ್ಟು ಎತ್ತರ ಹೇಗೆ ಬೆಳೆಯುತ್ತಾರೆಂದು ನನಗೆ ತಿಳಿಯಲಿಲ್ಲ.

ಮೊದಲ ದಿನವೇ ಒಂದು ಕೆಂಪು ದಾರಿಯಲ್ಲಿ ನಿಂತು ಬಾತುಕೋಳಿ ನೋಡುತ್ತಿದ್ದೆ. ಹಿಂದಿನಿಂದ ಗಂಟೆಯ ಮೇಲೆ ಗಂಟೆ. ಅದು ಸೈಕಲ್ಲಿನವರ ದಾರಿಯಂತೆ. ನಾನು ಬಂದ ಹೊಸತರಲ್ಲಿ ಪುಣೆಯೂ ಸೈಕಲ್ಲಿನ ಊರಾಗಿತ್ತು, ಕಾರ್ಖಾನೆಯ ಭೋಂಗಾ ಊದಿದರೆ ಖಡಕಿಯ ರಸ್ತೆ ತುಂಬ ಸೈಕಲ್ಲು. ಈಗ ಹುಡುಗಿಯರು ಮುಖಕ್ಕೆ ಓಡಣಿ ಬಿಗಿದು ಸ್ಕೂಟರಿನಲ್ಲಿ ಹಾಯುತ್ತಾರೆ, ಹಾರ್ನು ಹೊಡೆದರೆ ಯಾರೂ ಸರಿಯುವುದಿಲ್ಲ. ಅಲ್ಲಿ ನಾನೂ ಸರಿಯಲಿಲ್ಲ. ಒಬ್ಬ ಅಜ್ಜಿ, ನನ್ನದೇ ವಯಸ್ಸು, ಸೈಕಲ್ಲಿನಿಂದ ಇಳಿದು ಏನೋ ಬೈದು ಹೋದಳು.

"ಏನಂತ ಬೈದ್ಲು?" ಎಂದು ಅಪೂರ್ವಾಳನ್ನು ಕೇಳಿದೆ.

"ಬೈದಿಲ್ಲಜ್ಜಿ. ಸೀರಿ ಭಾಳ ಚಂದ ಅದ, ಆದ್ರ ಸಾಯಬ್ಯಾಡ ಅಂದ್ಲು."

ಕೋಶಗಳ ಕೋಣೆ

ಅಪೂರ್ವಾ ಏನು ಓದಿದ್ದಾಳೆಂದು ಯಾರಾದರೂ ಕೇಳಿದರೆ ಅಷ್ಟು ದಿನ ನಾನು "ದೊಡ್ಡದೇನೋ" ಅನ್ನುತ್ತಿದ್ದೆ. ಇನ್ನು ಹಾಗನ್ನುವುದು ಬೇಡವೆಂದು ಅವಳು ನನ್ನನ್ನೂ ವಿಜಯಾಳನ್ನೂ ಪ್ರಯೋಗಶಾಲೆಗೆ ಕರೆದೊಯ್ದಳು. ಸೀರೆಯ ಮೇಲೆ ಬಿಳಿ ಕೋಟು ತೊಡಿಸಿದರು. ಅವಳ ಗೆಳತಿ ಯಾನ್ನೆಕೆ ಜೊತೆಗಿದ್ದಳು. ಪರೀಕ್ಷೆಯ ದಿನ ಅಪೂರ್ವಾಳ ಇನ್ನೊಂದು ಪಕ್ಕಕ್ಕೆ ಇರುವವಳು ಅವಳೇ. ಉದ್ದ ಹುಡುಗಿ, ನಗು ಮುಖ.

ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟೆ. ಗಾಜಿನ ತಟ್ಟೆಯ ತಳಕ್ಕೆ ಅಂಟಿಕೊಂಡ ಸಣ್ಣ ಸಣ್ಣ ಹರಳಿನಂಥವು ಕಂಡವು. ಯಕೃತ್ತಿನ ಜೀವಕೋಶಗಳಂತೆ.

"ನೋಡಜ್ಜಿ, ನಿನ್ನ ಕುತ್ತಿಗಿಯೊಳಗ ಥೈರಾಯ್ಡ್ ಗ್ರಂಥಿ ಅದ. ಅದು ಕಡಿಮಿ ಕೆಲಸ ಮಾಡ್ತದ ಅಂತ ನೀ ದಿನಾ ಮುಂಜಾನೆ ಗುಳಿಗಿ ತಗೋತಿ. ಆ ಗುಳಿಗಿಯೊಳಗ ಇರೂದು ಹಾರ್ಮೋನು. ಅದು ರಕ್ತದಾಗ ಹರದು ಎಲ್ಲಾ ಕೋಶಕ್ಕ ಹೋಗ್ತದ. ಕೋಶದೊಳಗ ಸಾವಿರಾರು ಜೀನ್ ಅವ. ಎಲ್ಲಾವೂ ಒಮ್ಮೆಲೆ ಕೆಲಸ ಮಾಡಂಗಿಲ್ಲ. ಹಾರ್ಮೋನು ಬಂತಂದ್ರ ಕೆಲವು ಚಾಲೂ ಆಗ್ತಾವ. ಯಾವ ಜೀನಿನ ಮುಂದ, ಯಾವ ಜಾಗಾದಾಗ ಆ ಬಟನ್ ಅದ? ಅದನ್ನ ಹುಡುಕೂದ ನನ್ನ ಕೆಲಸ."

"ಇಷ್ಟು ಸಣ್ಣದ್ರಾಗ ಹೆಂಗ ಹುಡುಕ್ತಿ?"

"ಮಿಂಚುಹುಳದ ಜೀನ್ ಹಚ್ಚಿ."

ನನಗೆ ತಮಾಷೆ ಮಾಡುತ್ತಿದ್ದಾಳೆ ಅನಿಸಿತು. ತಮಾಷೆಯಲ್ಲ. ಮಿಂಚುಹುಳ ಹೊಳೆಯುವುದು ಅದರೊಳಗಿನ ಒಂದು ಜೀನಿನಿಂದ. ಆ ಜೀನನ್ನು ತೆಗೆದುಕೊಂಡು, ಬಟನ್ ಇರಬಹುದು ಎಂಬ ತುಂಡನ್ನು ಅದರ ಮುಂದೆ ಜೋಡಿಸುತ್ತಾರೆ. ಎರಡನ್ನೂ ಕೊಬ್ಬಿನ ಸಣ್ಣ ಸಣ್ಣ ಗುಳ್ಳೆಗಳಲ್ಲಿ ಸುತ್ತಿ ಕೋಶಗಳ ಮೇಲೆ ಬಿಡುತ್ತಾರೆ, ಕೋಶ ಅದನ್ನು ನುಂಗಿಕೊಳ್ಳುತ್ತದೆ. ಇನ್ನು ಹಾರ್ಮೋನು ಹಾಕಿದಾಗ ಆ ತಟ್ಟೆ ಬೆಳಗಿದರೆ, ಆ ತುಂಡಿನಲ್ಲಿ ಬಟನ್ ಇದೆ. ಆಮೇಲೆ ತುಂಡನ್ನು ಸ್ವಲ್ಪ ಸ್ವಲ್ಪ ಕತ್ತರಿಸುತ್ತ ಹೋಗುವುದು. ಯಾವ ಚೂರು ತೆಗೆದಾಗ ಬೆಳಕು ಹೋಯಿತೋ, ಅಲ್ಲೇ ಬಟನ್ ಇತ್ತು.

ಇದು ನನಗೆ ಚೆನ್ನಾಗಿ ತಿಳಿಯಿತು. ಕ್ವಾರ್ಟರ್ಸಿನಲ್ಲಿ ಲೈಟು ಕೆಟ್ಟಾಗ ಮನೆಯವರು ಒಂದೊಂದೇ ಫ್ಯೂಜ್ ಕಿತ್ತು, "ಅಡಗಿಮನಿ ಹೋತೇನ? ಪಡಸಾಲಿ ಹೋತೇನ?" ಎಂದು ಕೂಗುತ್ತಿದ್ದರು. ನಾನು ಒಳಗಿನಿಂದ ಉತ್ತರ ಕೊಡುತ್ತಿದ್ದೆ. ಅದನ್ನು ಹೇಳಿದೆ. ಅಪೂರ್ವಾ, "ಹಂಗ ನೋಡಜ್ಜಿ, ಅಜ್ಜನ ಕೆಲಸಾನ ಮಾಡ್ಲಿಕತ್ತೀನಿ," ಅಂದಳು.

ಹೊಳೆಯುವುದನ್ನು ತೋರಿಸೆಂದೆ. ತಟ್ಟೆಯನ್ನು ಒಂದು ಪೆಟ್ಟಿಗೆಯೊಳಗಿಟ್ಟು ಮುಚ್ಚಿಬಿಟ್ಟಳು. ಪರದೆಯ ಮೇಲೆ ಅಂಕಿ ಬಂದವು. ಆ ಬೆಳಕು ನಮ್ಮ ಕಣ್ಣಿಗೆ ಕಾಣುವಷ್ಟು ಇರುವುದಿಲ್ಲ, ಯಂತ್ರಕ್ಕೆ ಮಾತ್ರ ಕಾಣುತ್ತದಂತೆ. ನನಗೆ ನಿರಾಸೆಯಾಯಿತು. ಇಷ್ಟು ದೂರ ಬಂದು ಮಿಂಚುಹುಳದ ಬದಲು ಅಂಕಿ ನೋಡಿದೆ.

ಅಲ್ಲೇ ಅವಳು ತನ್ನ ಕಷ್ಟದ ಕಥೆಯನ್ನೂ ಹೇಳಿದಳು. ಹಾರ್ಮೋನು ಹಾಕಿದ ತಟ್ಟೆ ಬೆಳಗಬೇಕು, ಹಾಕದ ತಟ್ಟೆ ಬೆಳಗಬಾರದು. ಆದರೆ ಹಾಕದ ತಟ್ಟೆಯೂ ಬೆಳಗುತ್ತಿತ್ತು. ಕೆಲಸ ಶುರು ಮಾಡಿದ ಮೇಲೆ ತಿಂಗಳುಗಟ್ಟಲೆ ಇದೇ ಆಯಿತು. ಬಟನ್ನೇ ಕೆಟ್ಟಿದೆಯೆಂದು ಹೊಸದು ಕಟ್ಟಿದಳು, ಅದೂ ಬೆಳಗಿತು. ಕೊನೆಗೆ ತಪ್ಪು ಸಿಕ್ಕಿದ್ದು ಕೋಶಗಳ ಊಟದಲ್ಲಿ. ಕೋಶ ಬದುಕಲು ಕರುವಿನ ರಕ್ತದ ತಿಳಿ ಹಾಕುತ್ತಾರೆ. ಆ ರಕ್ತದಲ್ಲಿ ಕರುವಿನ ಹಾರ್ಮೋನು ಮೊದಲೇ ಇರುತ್ತದೆ! ಅದನ್ನು ಇದ್ದಿಲು ಹಾಕಿ ಸೋಸಿ ತೆಗೆದ ಬಾಟಲಿ ಬೇರೆ ಸಿಗುತ್ತದೆ. ಇವಳು ಸೋಸದೆ ಇದ್ದದ್ದನ್ನು ಹಾಕುತ್ತಿದ್ದಳು.

ಕರುವಿನ ರಕ್ತ ಅಂದಾಗ ನಾನು ಆ ಮೇಜಿನಿಂದ ಒಂದು ಹೆಜ್ಜೆ ಹಿಂದೆ ಸರಿದೆ. ವಿಜಯಾ ಮಗಳ ಮೇಲೆ ಕಣ್ಣು ಬಿಟ್ಟಳು, ಇದನ್ನೆಲ್ಲ ಅಜ್ಜಿಗೆ ಯಾಕ ಹೇಳಿದಿ ಎಂಬಂತೆ. ನನ್ನ ಗುಳಿಗೆಯೂ ಹಾಗೇನೋ ಎಂದು ಕೇಳಿದೆ. ಈಗಿನದು ಕಾರ್ಖಾನೆಯಲ್ಲಿ ಮಾಡಿದ್ದು, ಹಿಂದಿನ ಕಾಲದಲ್ಲಿ ಪ್ರಾಣಿಗಳ ಗ್ರಂಥಿ ಒಣಗಿಸಿ ಕೊಡುತ್ತಿದ್ದರು ಅಂದಳು. ಮುಚ್ಚಿಡಲಿಲ್ಲ, ಅದು ನನಗೆ ಹಿಡಿಸಿತು. ಆದರೂ ಆ ವಿಷಯ ಮನಸ್ಸಿನಲ್ಲಿ ಇಂದಿಗೂ ಕೂತಿದೆ.

ಆಮೇಲೆ ನನಗೆ ವಿಮಾನ ನಿಲ್ದಾಣದ ಹುಡುಗ ನೆನಪಾಗಿ ನಗು ಬಂತು.

"ಅಂದ್ರ ನಿನ್ನ ತಟ್ಟಿ ಉಪವಾಸ ಅದ ಅಂತ ತಿಳಕೊಂಡಿ, ಅದು ಸಾಬೂದಾಣಿ ಖಿಚಡಿ ತಿಂದು ಕೂತಿತ್ತು," ಅಂದೆ.

ಅಪೂರ್ವಾ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡಳು. ಯಾನ್ನೆಕೆಗೆ ತಿಳಿಸಲು ಹೋಗಿ ನಗುತ್ತ ನಗುತ್ತ ಮುಗಿಸಲೇ ಆಗಲಿಲ್ಲ.

ಅಡುಗೆಮನೆಯಲ್ಲಿ ಅಭ್ಯಾಸ

ಪರೀಕ್ಷೆಯ ಮೊದಲಿಗೆ ಒಂದು ಭಾಷಣವಿರುತ್ತದೆ. ಅದು ಪ್ರೊಫೆಸರರಿಗಲ್ಲ, ನೋಡಲು ಬಂದ ನೆಂಟರಿಗೆ. ಇಷ್ಟು ವರ್ಷ ಏನು ಮಾಡಿದೆ ಎಂಬುದನ್ನು ಓದದವರಿಗೂ ತಿಳಿಯುವಂತೆ ಹೇಳಬೇಕು. ಎಂಥ ಒಳ್ಳೆಯ ಪದ್ಧತಿ! ಅವಳಿಗೆ ಹೆದರಿಕೆಯೂ ಅದರದ್ದೇ. ಪ್ರಶ್ನೆ ಕೇಳಿದರೆ ಹೇಗೋ ಉತ್ತರ ಬರುತ್ತದೆ, ಸುಮ್ಮನೆ ನೋಡುತ್ತ ಕೂತ ಜನರ ಎದುರು ತಾನೇ ಮಾತು ಶುರು ಮಾಡಬೇಕಾದಾಗ ನಾಲಿಗೆ ಹೋಗುತ್ತದೆ.

ನಾನು ಅಡುಗೆ ಮಾಡುವಾಗ ಅವಳು ಎದುರಿಗೆ ನಿಂತು ಒಪ್ಪಿಸತೊಡಗಿದಳು. ಚಿಕ್ಕಂದಿನಲ್ಲೂ ಹೀಗೇ. ಶಾಲೆಯಲ್ಲಿ ತುಟಿ ಬಿಚ್ಚದ ಹುಡುಗಿ ಮನೆಗೆ ಬಂದು, ನಾನು ಪಲ್ಯದ ಸೊಪ್ಪು ಸೋಸುವಾಗ, ಇಡೀ ದಿನದ ಕಥೆ ಹೇಳುತ್ತಿದ್ದಳು. ಆದರೆ ನಾನು ಹೂಂಗುಟ್ಟಬೇಕು. ಒಂದು ಹೂಂ ತಪ್ಪಿದರೆ ಕಥೆ ನಿಲ್ಲುತ್ತಿತ್ತು. "ಅಜ್ಜೀ, ಕೇಳ್ಲಿಕತ್ತಿ ಇಲ್ಲೋ?" ನಮ್ಮ ಕಡೆ ಕಥೆಯೆಂದರೆ ಹಾಗೆಯೇ ಅಲ್ಲವೇ, ಹೇಳುವವರೊಬ್ಬರು, ಹೂಂ ಅನ್ನುವವರೊಬ್ಬರು.

ಈಗಲೂ ಹೂಂಗುಟ್ಟಿದೆ. ಮೊದಲು ಕನ್ನಡದಲ್ಲಿ ಹೇಳಿದಳು. ನನಗೆ ತಿಳಿಯದಲ್ಲಿ ನಾನು ಹೂಂ ಅನ್ನುತ್ತಿರಲಿಲ್ಲ, ಅಲ್ಲಿ ತಿದ್ದಿಕೊಂಡಳು. ಫ್ಯೂಜ್ ಸೇರಿತು, ಖಿಚಡಿಯೂ ಸೇರಿತು. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು. ಭಾಷೆ ತಿಳಿಯದಿದ್ದರೂ ಎಲ್ಲಿ ಏನು ಬರುತ್ತದೆಂದು ನನಗೆ ಗೊತ್ತಾಗಿತ್ತು, ಅವಳ ಮುಖ ನೋಡಿ ಹೂಂ ಅನ್ನುತ್ತಿದ್ದೆ. ಅಡುಗೆಮನೆಯಲ್ಲಿ ಒಮ್ಮೆಯೂ ನಾಲಿಗೆ ಕಟ್ಟಲಿಲ್ಲ.

"ಅಲ್ಲೆ ನೀ ಸುಮ್ನ ಕೂತಿರ್ತಿ ಅಜ್ಜಿ. ಆಗ ಹೆಂಗೋ ಏನೋ," ಅಂದಳು.

"ನಾ ಮನಸಿನ್ಯಾಗ ಅಂತಿರ್ತೀನಿ. ನೀ ಹೇಳ್ಕೋತ ಹೋಗು."

ಸಭೆ

ಪದ್ಧತಿಯಂತೆ ಪಕ್ಕದಲ್ಲಿರುವವರು ಕರಿ ಬಟ್ಟೆ ಉಡಬೇಕು. ಶುಭಕಾರ್ಯಕ್ಕೆ ಕರಿದೇ? ನಮ್ಮಲ್ಲಿ ಸಂಕ್ರಾಂತಿಯೊಂದಕ್ಕೇ ಕರಿ ಸೀರೆ ಉಡುವುದು. ಸಂಕ್ರಾಂತಿಯ ಚಂದ್ರಕಾಳಿ ಸೀರೆಯನ್ನೇ ತಂದಿದ್ದೆ, ಅದನ್ನು ಉಟ್ಟು, ಕಾಲಿಗೆ ಬೂಟು ಹಾಕಿ, ಹಿಂದುಮುಂದಾಗಿ ಮೆಟ್ಟಿಲಿಳಿದೆ. ಹಿಂದಿನ ದಿನ ಬಂದಿಳಿದಿದ್ದ ಶ್ರೀಕಾಂತ ಕೆಳಗಿನಿಂದ ನೋಡಿ, "ಅವ್ವಾ, ಪರೀಕ್ಷಾ ನಿಂದೋ ಅಕೀದೋ?" ಅಂದ.

ಸಭಾಂಗಣದ ಗೋಡೆಯ ತುಂಬ ಹಳೆಯ ಕಾಲದ ಗಡ್ಡದವರ ಚಿತ್ರ. ಒಬ್ಬ ಮನುಷ್ಯ, ಕೈಯಲ್ಲಿ ಬೆಳ್ಳಿಯ ತಲೆಯ ಕೋಲು, ಮುಂದೆ ಮುಂದೆ ನಡೆದ. ಪಂಢರಪುರಕ್ಕೆ ಹೊರಟ ಆಳಂದಿಯ ಪಾಲಖಿ ಪುಣೆಗೆ ಬಂದಾಗ, ಅದರ ಮುಂದೆ ನಡೆಯುವ ಚೋಪದಾರ ಕೋಲೆತ್ತಿದ ಕೂಡಲೇ ಅಷ್ಟು ಜನ ಗಪ್ಪಾಗುವುದನ್ನು ನೋಡಿದ್ದೇನೆ. ಇಲ್ಲಿಯೂ ಹಾಗೇ ಆಯಿತು. ಎಲ್ಲರೂ ಎದ್ದು ನಿಂತರು. ಪ್ರೊಫೆಸರರು ಕರಿ ನಿಲುವಂಗಿ, ಚಪ್ಪಟೆ ಟೊಪ್ಪಿಗೆಯಲ್ಲಿ ಬಂದು ಕೂತರು. ನಡುವೆ ಕೂತ ಅಧ್ಯಕ್ಷರು ಕನ್ನಡಕದ ಮೇಲಿನಿಂದ ನನ್ನನ್ನು ಒಮ್ಮೆ ನೋಡಿದರು. ಅಪೂರ್ವಾ ಎತ್ತರದ ಮೇಜಿನ ಹಿಂದೆ ನಿಂತಳು. ಯಾನ್ನೆಕೆ ಮತ್ತು ನಾನು ಅವಳ ಪಕ್ಕದ ಕುರ್ಚಿಗಳಲ್ಲಿ ಕೂತೆವು.

ಅವಳು ಶುರು ಮಾಡಿದಳು. ಗ್ರಂಥಿ ಬಂತು, ಅಜ್ಜಿಯ ಗುಳಿಗೆ ಬಂತು. ಎರಡನೆಯ ಚಿತ್ರ ಮಿಂಚುಹುಳದ್ದು. ಅದು ಪರದೆಯ ಮೇಲೆ ಬಂತು. ಅಪೂರ್ವಾಳ ಮಾತು ನಿಂತಿತು.

ಮೊದಲಿಗೆ ಉಸಿರು ತೆಗೆದುಕೊಳ್ಳುತ್ತಿದ್ದಾಳೆಂದುಕೊಂಡೆ. ಅಲ್ಲ. ಅವಳ ಹೆಬ್ಬೆರಳು ಮೇಜಿನ ಅಂಚನ್ನು ತಿಕ್ಕತೊಡಗಿತ್ತು. ಮುಂದಿನ ಸಾಲಿನಲ್ಲಿ ವಿಜಯಾ ಕಣ್ಣು ಮುಚ್ಚಿಕೊಂಡಳು. ಶ್ರೀಕಾಂತ ತನ್ನ ಬೂಟು ನೋಡತೊಡಗಿದ. ಅವಳ ಗುರುಗಳು ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಾಗಿದರು, ಏಳಲಿಲ್ಲ. ಎಲ್ಲರೂ ಕಾಯುತ್ತಿದ್ದರು. ಮುಂದಿನ ಮಾತು ನನಗೆ ಗೊತ್ತಿತ್ತು, ಫ್ಯೂಜಿನ ಮಾತು. ಹೇಳುವಂತಿರಲಿಲ್ಲ, ಹೇಳಲು ಭಾಷೆಯೂ ಬರುತ್ತಿರಲಿಲ್ಲ.

"ಹೂಂ," ಅಂದೆ.

ಬೇಕೆಂದು ಅನ್ನಲಿಲ್ಲ. ಬಾಯಿಂದ ಬಿತ್ತು. ಆ ಎತ್ತರದ ಮಾಳಿಗೆಯ ಕೆಳಗೆ ಅದು ದೊಡ್ಡದಾಗಿ ಕೇಳಿತು. ಅಧ್ಯಕ್ಷರು ತಲೆ ಎತ್ತಿದರು. ಕೋಲಿನವನು ಬಾಗಿಲ ಹತ್ತಿರದಿಂದ ಇಣುಕಿದ. ಯಾನ್ನೆಕೆ ನನ್ನ ಕೈಯ ಮೇಲೆ ಕೈ ಇಟ್ಟಳು.

ಅಪೂರ್ವಾ ನನ್ನ ಕಡೆ ತಿರುಗಿದಳು. ತಿರುಗಿ ನನಗೇ ಹೇಳಿದಳು, ಫ್ಯೂಜಿನ ಮಾತನ್ನು, ಇಂಗ್ಲಿಷಿನಲ್ಲಿ. ಮುಗಿಸಿ ನಿಂತಳು. ಹುಬ್ಬು ಮೇಲಾಯಿತು, ಪಲ್ಯ ಸೋಸುವಾಗ ಆಗುತ್ತಿದ್ದ ಹಾಗೆ.

"ಹೂಂ."

ಆಮೇಲೆ ನಾನೇನು ಮಾಡಲಿ? ನಿಲ್ಲಿಸಿದರೆ ಅವಳು ನಿಂತಾಳು. ಅವಳು ವಾಕ್ಯ ಮುಗಿಸಿದಲ್ಲೆಲ್ಲ ಹೂಂ ಅಂದೆ. ಯಾನ್ನೆಕೆ ಕೈ ತೆಗೆದಳು. ಖಿಚಡಿ ಬಂದಾಗ ಸಭೆಯೆಲ್ಲ ನಕ್ಕಿತು, ಪ್ರೊಫೆಸರರೂ ನಕ್ಕರು. ಆ ನಗು ಕೇಳಿ ಅಪೂರ್ವಾಳ ಹೆಗಲು ಕೆಳಗಿಳಿಯಿತು. ಅಲ್ಲಿಂದ ಅವಳು ನನ್ನನ್ನು ಬಿಟ್ಟು ಜನರ ಕಡೆ ತಿರುಗಿದಳು. ನಾನೂ ನಿಧಾನವಾಗಿ ಹೂಂ ನಿಲ್ಲಿಸಿದೆ. ಅವಳಿಗೆ ಗೊತ್ತೂ ಆಗಲಿಲ್ಲ.

ಪ್ರಶ್ನೆಗಳು ಶುರುವಾದವು. ಪ್ರೊಫೆಸರರಲ್ಲಿ ಒಬ್ಬ ಹೆಂಗಸು, ಭಾಳ ಕಟ್ಟುನಿಟ್ಟು, ಕೇಳುತ್ತಲೇ ಹೋದರು. ಆ ಉಪವಾಸದ ತಟ್ಟೆಯಲ್ಲಿ ಈಗ ನಿಜವಾಗಿ ಹಾರ್ಮೋನು ಇಲ್ಲವೆಂದು ಹೇಗೆ ಗೊತ್ತು, ಇದ್ದಿಲು ಹಾರ್ಮೋನಿನ ಜೊತೆ ಬೇರೇನನ್ನು ಸೋಸಿಬಿಟ್ಟಿತು ಎಂದು ಕೇಳಿದರಂತೆ. ಅಪೂರ್ವಾ ಕೈ ಆಡಿಸುತ್ತ ಉತ್ತರಿಸಿದಳು. ಇನ್ನೊಂದು ಉತ್ತರದ ನಡುವೆ ಕೋಲಿನವನು ಒಳಬಂದು ಕೋಲನ್ನು ನೆಲಕ್ಕೆ ಕುಟ್ಟಿ, ವೇಳೆಯಾಯಿತೆಂದು ಲ್ಯಾಟಿನ್ನಿನಲ್ಲಿ ಕೂಗಿದ. ಅವನು ಕೂಗಿದರೆ ಅರ್ಧ ವಾಕ್ಯವನ್ನೂ ಅಲ್ಲೇ ಬಿಡಬೇಕು. ಬಿಟ್ಟಳು. ಮಾತು ಬರುತ್ತಿರುವಾಗಲೇ ನಿಲ್ಲಿಸಬೇಕಾಯಿತು ನಮ್ಮ ಹುಡುಗಿಗೆ!

ಪ್ರೊಫೆಸರರು ಎದ್ದು ಒಳಗಿನ ಕೋಣೆಗೆ ವಿಚಾರ ಮಾಡಲು ಹೋದರು. ಆಗ ನನಗೆ ನನ್ನ ತಪ್ಪು ಹೊಳೆಯಿತು. ಮಾತಾಡಬಾರದೆಂಬ ನೇಮವನ್ನು ನಾನು ಮುರಿದಿದ್ದೆ, ಒಮ್ಮೆಯಲ್ಲ, ಎಣಿಸಲಾರದಷ್ಟು ಸಲ. ಇದೇ ಕಾರಣಕ್ಕೆ ಕೊಡದೆ ಹೋದರೆ? ಯಾರಿಗೂ ಹೇಳಲಿಲ್ಲ. ರಾಂಜಣಗಾಂವದ ಗಣಪತಿಗೆ, ತಪ್ಪು ನಂದಪ್ಪಾ, ಅಕೀದಲ್ಲ, ಅಂದೆ.

ಕೋಲು ಮತ್ತೆ ಬಂತು. ಎಲ್ಲರೂ ಎದ್ದೆವು. ಅಧ್ಯಕ್ಷರು ಏನೋ ಓದಿದರು, ಕೆಂಪು ಕೊಳವೆಯಲ್ಲಿ ಸುತ್ತಿಟ್ಟ ಪದವಿಪತ್ರವನ್ನು ಅವಳ ಕೈಗಿತ್ತರು. ಕೊಟ್ಟು ನನ್ನ ಕಡೆ ತಿರುಗಿ ಒಂದು ಮಾತು ಹೇಳಿದರು. ನಾನು ಅಪೂರ್ವಾಳ ಮುಖ ನೋಡಿದೆ.

"ಈ ಸಭಾದಾಗ ಇಷ್ಟು ವರ್ಷ ಲ್ಯಾಟಿನ್ ಕೇಳೀನಿ, ಈ ಶಬ್ದ ಇವತ್ತ ಮೊದಲ ಸಲ ಕೇಳಿದೆ ಅಂತಾರಜ್ಜಿ. ಇದರ ಅರ್ಥ ಏನಂತ ಕೇಳ್ತಾರ."

"ಏನಿಲ್ಲ, ಕೇಳ್ಲಿಕತ್ತೀನಿ, ಮುಂದ ಹೇಳು ಅಂತ," ಅಂದೆ.

ಹೊರಗೆ ಜನ ಸಾಲುಗಟ್ಟಿದರು. ಆ ದೇಶದಲ್ಲಿ ಪದವಿ ಪಡೆದವರ ಕೈ ಮಾತ್ರ ಕುಲುಕುವುದಿಲ್ಲ. ತಾಯಿ, ತಂದೆ, ಅಜ್ಜಿ, ಎಲ್ಲರ ಕೈ ಹಿಡಿದು ಅಭಿನಂದನೆ ಹೇಳುತ್ತಾರೆ. ಕೆಳಮನೆಯ ಮುದುಕ ಕೋಟು ಹಾಕಿಕೊಂಡು ಬಂದಿದ್ದ. ಆ ಕಟ್ಟುನಿಟ್ಟಿನ ಹೆಂಗಸೂ ಬಂದು ನನ್ನ ಕೈ ಹಿಡಿದರು. ನನ್ನ ಬಳೆಗಳು ಗಲಗಲ ಅಂದವು. ನಾನೇ ಪಾಸಾದ ಹಾಗಾಯಿತು.

ಅದೇ ಸಂಜೆ

ಗುರುಗಳು, ಯಾನ್ನೆಕೆ, ಕೆಳಮನೆಯ ಮುದುಕ, ನಾವು ನಾಲ್ವರು. ಆ ಸಣ್ಣ ಮನೆಯಲ್ಲಿ ಕುರ್ಚಿ ಸಾಲದೆ ಗುರುಗಳು ಮಂಚದ ಮೇಲೆ ಕೂತರು. ವಿಜಯಾ ಮತ್ತು ನಾನು ಅನ್ನ, ಹೆಸರುಬೇಳೆಯ ತೊವ್ವೆ, ಬದನೆಕಾಯಿ ಎಣ್ಣೆಗಾಯಿ, ಕೊಬ್ಬರಿಯ ಕಡಬು ಮಾಡಿದ್ದೆವು.

ಸಂಕಷ್ಟಿಗೆ ಚಂದ್ರನನ್ನು ನೋಡಿ ಊಟ ಮಾಡಬೇಕು. ಕಿಟಕಿಯ ಹೊರಗೆ ಮೋಡವೋ ಮೋಡ. ನಾನು ಉಣ್ಣದೆ ತಾವು ಉಣ್ಣುವುದಿಲ್ಲವೆಂದು ಎಲ್ಲರೂ ಕೂತರು. ಗುರುಗಳಿಗೆ ಕಾರಣ ತಿಳಿಸಿದ ಮೇಲೆ ಅವರೂ ತಟ್ಟೆ ಕೆಳಗಿಟ್ಟು, ಆಗಾಗ ಕಿಟಕಿಗೆ ಹೋಗಿ ನೋಡಿ ಬರತೊಡಗಿದರು.

"ಅವ್ವಾ, ಪುಣೆದಾಗ ಚಂದ್ರ ಯಾವಾಗೋ ಬಂದಾನ," ಅಂದ ಶ್ರೀಕಾಂತ. ಖಡಕಿಯ ನೆರೆಮನೆಯವರಿಗೆ ಫೋನ್ ಹಚ್ಚಿದ. ಅವರು ಗಚ್ಚಿಗೆ ಹೋಗಿ ಫೋಟೋ ತೆಗೆದು ಕಳಿಸಿದರು, ನೀರಿನ ಟಾಕಿಯ ಮೇಲೆ ಸ್ವಲ್ಪ ಸವೆದ ಚಂದ್ರ. ನಾನು ಫೋನನ್ನು ಮೇಜಿನ ಮೇಲೆ ನಿಲ್ಲಿಸಿ, ಅರ್ಘ್ಯಕ್ಕೆ ತಂಬಿಗೆ ತೆಗೆದುಕೊಂಡೆ.

"ಅವ್ವಾ! ಫೋನಿನ ಮ್ಯಾಲ ನೀರ್ ಹಾಕಬ್ಯಾಡ!"

ಬಟ್ಟಲಲ್ಲಿ ಬಿಟ್ಟು ಕೈ ಮುಗಿದೆ. ಗುರುಗಳೂ ಕೈ ಮುಗಿದರು.

ಬಡಿಸಿದ್ದಾಯಿತು. ಅಪೂರ್ವಾ ತುತ್ತು ಎತ್ತುವ ಮೊದಲೇ ಮಾತು ಶುರು ಮಾಡಿದಳು. ಮಿಂಚುಹುಳದ ಚಿತ್ರ ಬಂದಾಗ ತನಗೇನಾಯಿತು, ಕಣ್ಣಿಗೆ ಏನು ಕಂಡಿತು, ಆ ಹೆಂಗಸಿನ ಪ್ರಶ್ನೆಗೆ ಏನಂದೆ, ಅರ್ಧಕ್ಕೆ ಬಿಟ್ಟ ಆ ವಾಕ್ಯದ ಉಳಿದರ್ಧ ಏನಿತ್ತು. ಒಮ್ಮೆ ಕನ್ನಡದಲ್ಲಿ, ಒಮ್ಮೆ ಇಂಗ್ಲಿಷಿನಲ್ಲಿ, ನಡುವೆ ಮರಾಠಿ. ಉಸಿರು ತೆಗೆದುಕೊಳ್ಳಲು ನಿಂತಳು. ನನ್ನ ಬಾಯಲ್ಲಿ ಕಡಬು ತುಂಬಿತ್ತು.

"ಹೂಂ," ಅಂದರು ಗುರುಗಳು, ಮಂಚದ ಮೇಲಿನಿಂದ.

ಯಾನ್ನೆಕೆಯೂ ಹೂಂ ಅಂದಳು. ಶ್ರೀಕಾಂತ, ವಿಜಯಾ, ಕೆಳಮನೆಯ ಮುದುಕ, ಎಲ್ಲರೂ ಅಂದರು. ಅವಳು ಹೇಳುತ್ತಲೇ ಇದ್ದಳು. ಅನ್ನ ಆರುತ್ತಿತ್ತು.

"ಸಾಕು ಬಾಯಿ ಮುಚ್ಚಿ ಉಣ್ಣು," ಅಂದೆ. ಇಷ್ಟು ವರ್ಷದಲ್ಲಿ ಆ ಹುಡುಗಿಗೆ ಈ ಮಾತನ್ನು ನಾನು ಅಂದದ್ದು ಅದೇ ಮೊದಲು.